ಬಾಣಂತಿ ಕೋಣೆಯ ಬಿಳಿ ಹಲಗೆ

|| ಶ್ರೀ ಗುರುಬಸವ ||
ಯಲಹಂಕ
ತಾ. ೧೬-೧೧-೧೯೮೦

ಬೀಗಿತಿ ರತ್ನಕ್ಕನವರಿಗೆ ಶರಣವ್ವ ಮಾಡುವ ಶರಣು.

ನೀವು, ನೀಲಾ, ಅಳಿಯಂದಿರು ಸುಖವಾಗಿ ರಾಣೆಬೆನ್ನೂರು ಮುಟ್ಟಿದ್ದು ಕಾರ್ಡಿನಿಂದ ತಿಳಿಯಿತು. ಮನಸ್ಸಿಗೆ ನೆಮ್ಮದಿಯಾಯಿತು ಎಂದು ಬರೆಯಬೇಕು, ಆದರೆ ಆಗಿಲ್ಲ. ಮಗಳನ್ನು ನಿಮ್ಮ ಮನೆಗೆ ಕೊಟ್ಟ ಮೇಲೆ ನೀವು ಮೊದಲ ಸಲ ದೀಪಾವಳಿಗೆಂದು ನಮ್ಮಲ್ಲಿಗೆ ಬಂದಿರಿ. ನಿಮ್ಮ ತಾಟಿನಲ್ಲಿ, ಹೋಳಿಗೆಯ ಮೇಲೆ, ಮಾಳಿಗೆಯ ಮಣ್ಣು ಬಿತ್ತು. ನೀವು ತಾಟನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದಿರಿ. ಬೈದುಬಿಟ್ಟಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮದು ಹಳೇ ಊರಿನ ಮನೆ. ನಮ್ಮ ಮನೆಯವರು ಗದಗಿನ ಕಡೆಯಿಂದ ಬಂದು, ಇಲ್ಲಿಯ ಕಾರ್ಖಾನೆಯಲ್ಲಿ ದುಡಿದು ಕೊಂಡದ್ದು. ಕೊಂಡಾಗಲೇ ಅದು ಮುದುಕ ಮನೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಉದುರುವುದು ಮಣ್ಣಿನ ಸ್ವಭಾವ. ಯುಗಾದಿಗೆ ಮೊದಲು ನಾನೇ ಏಣಿ ಹತ್ತಿ ಒಂದೊಂದು ತೊಲೆಯ ತುದಿಗೂ ಸೀಮೆಎಣ್ಣೆ ಸವರಿ, ಬೆರಳಿನಿಂದ ಕುಟ್ಟಿ, ಸದ್ದು ಕೇಳಿ ಇಳಿಯುತ್ತೇನೆ. ಶಿವ ಕಾಯುತ್ತಾನೆ, ಅದು ಸರಿ. ತೊಲೆಯ ತುದಿ ನೋಡುವ ಕೆಲಸ ಮಾತ್ರ ನನಗೆ ಬಿಟ್ಟಿದ್ದಾನೆ.

ನೀಲಾಳಿಗೆ ಈಗ ಮೂರು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಡುಕೋಣೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇದೆ, ನೀವೂ ನೋಡಿದ್ದೀರಿ. ಅವಳನ್ನು ಯಾವಾಗ ಕಳಿಸುತ್ತೀರಿ ಎಂದು ಒಂದು ಮಾತು ಬರೆಯಿರಿ.

ಇಂತಿ ನಿಮ್ಮ ಬೀಗಿತಿ,
ಶರಣವ್ವ

•

ರಾಣೆಬೆನ್ನೂರು
ತಾ. ೧-೧೨-೧೯೮೦

ಶರಣವ್ವನವರಿಗೆ ರತ್ನಕ್ಕನ ಶರಣಾರ್ಥಿ.

ಮಣ್ಣು ಬಿದ್ದದ್ದನ್ನು ನಾನು ಅವತ್ತೇ ಮರೆತಿದ್ದೆ. ನೀವು ಬರೆದು ನೆನಪು ಮಾಡಿದಿರಿ. ದೊಡ್ಡವರಾದ ನಾವು ತಾಟು ಸರಿಸಬಹುದು. ಕೂಸು ಏನನ್ನು ಸರಿಸುತ್ತದೆ? ಅದು ಅಂಗಾತ ಮಲಗಿ, ಕಣ್ಣು ಬಿಟ್ಟು, ಮೇಲೆ ನೋಡುತ್ತಲೇ ಇರುತ್ತದೆ.

ನಮ್ಮ ನಡುಮನೆಗೆ ಎರಡು ವರ್ಷದ ಹಿಂದೆ ಮೇಲೆ ಪ್ಲಾಸ್ಟರ್ ಹಲಗೆ ಹೊಡೆಸಿದೆವು. ಹಲಗೆಯ ಸಂದು ಮುಚ್ಚಿ, ಮೇಲೆ ಬಿಳಿ ಪಟ್ಟು ಸವರಿ, ಬೆಣ್ಣೆಯ ಹಾಗೆ ಮಾಡಿದ್ದಾರೆ. ನಮ್ಮ ಮೆಣಸಿನಕಾಯಿ ಅಡತಿ ಅಂಗಡಿಗೆ ಬಂದವರು ಒಳಗೆ ಇಣುಕಿ, ‘ಇದು ಆರ್‌ಸಿಸಿ ಏನ್ರೀ ಅಕ್ಕಾರ?’ ಎಂದು ಕೇಳುತ್ತಾರೆ. ಅಂಥದ್ದು ನಿಮ್ಮಲ್ಲಿ ಆಗುವವರೆಗೆ ನೀಲಾಳನ್ನು ಕಳಿಸುವ ಮಾತು ಬೇಡ. ಬಾಣಂತನ ಮಾಡಲು ನಮಗೂ ಕೈಗಳಿವೆ.

ಖರ್ಚಿನ ಚಿಂತೆ ಇದ್ದರೆ ಹೇಳಿ, ಸಂಕೋಚ ಬೇಡ. ಅರ್ಧ ನಾವು ಕೊಡುತ್ತೇವೆ.

ಇಂತಿ,
ರತ್ನಕ್ಕ

•

ಯಲಹಂಕ
ತಾ. ೨೨-೧೨-೧೯೮೦

ರತ್ನಕ್ಕನವರಿಗೆ ಶರಣು.

ಅರ್ಧ ಕೊಡುತ್ತೇವೆ ಎಂದಿರಿ. ನಿಮ್ಮ ದೊಡ್ಡ ಮನಸ್ಸು. ನಮಗೆ ಬೇಡ. ಹೆಣ್ಣು ಹೆತ್ತವರು ಬಾಣಂತನದ ಕೋಣೆಗೆ ಬೀಗರಿಂದ ಹಣ ತೆಗೆದುಕೊಂಡರು ಎಂಬ ಮಾತು ನಮ್ಮ ಬಾಗಿಲಿಗೆ ಬರಬಾರದು.

ಇಲ್ಲಿ ಪಿಳ್ಳಪ್ಪ ಅಂತ ಒಬ್ಬರಿದ್ದಾರೆ. ಅಟ್ಟೂರಿನ ಕಡೆಯ ಒಕ್ಕಲು, ಹೊಲ ಮಾರಿದ ಮೇಲೆ ಈಗ ಮನೆ ಕಟ್ಟಿಸುವ ಕಂಟ್ರಾಕ್ಟು ಮಾಡುತ್ತಾರೆ. ಬಂದು ಕೋಣೆಯನ್ನು ಅಳೆದರು. ಹಲಗೆಗೆ ಅಡಿಗೆ ಇಷ್ಟು, ಅದನ್ನು ಹಿಡಿಯುವ ಮರದ ಚೌಕಟ್ಟಿಗೆ ಇಷ್ಟು, ಮೇಲಿನ ಬಿಳಿ ಪಟ್ಟಿಗೆ ಬೇರೆ, ಕೂಲಿ ಬೇರೆ. ಎಲ್ಲಾ ಕೂಡಿ ಸಾವಿರದ ಆರುನೂರು ಎಂದರು. ನಮ್ಮ ಮನೆಯವರ ಎರಡು ತಿಂಗಳ ಪಗಾರ.

ನಾನು ಕೇಳಿದೆ, ‘ಇಷ್ಟು ರೊಕ್ಕದಾಗ ತೊಲಿನ ಬದಲಿಸಿ, ಮ್ಯಾಲಿನ ಮಣ್ಣು ತಗದು ಹೊಸದು ಹಾಕಬಹುದಲ್ರೀ?’

‘ತೊಲೆ ಬದಲಾಯ್ಸಿದ್ರೆ ಯಾರ್ ನೋಡ್ತಾರಮ್ಮ? ನಿಮ್ಮ ಬೀಗ್ರು ಕೇಳಿರೋದು ಬೆಳ್ಳಗೆ ಇರೋದ್ನ. ಇಂಗೆ ಮುಚ್ಬುಟ್ರೆ ಆಕಾಸ ಇದ್ದಂಗೆ ಇರ್ತದೆ.’

‘ಸಿಮೆಂಟಿನ ಮಾಳಿಗಿನ ಹಾಕಿಬಿಟ್ರ?’

‘ಸಿಮೆಂಟ್ ಪರ್ಮಿಟ್ ಸಿಗೋ ಹೊತ್ಗೆ ನಿಮ್ ಮೊಮ್ಮಗ ಇಸ್ಕೂಲ್ಗೆ ಹೋಗ್ತಾ ಇರ್ತಾನೆ ಬುಡಿ!’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರನ್ನು ಏಣಿ ಹತ್ತಿಸಿ, ಕೊಂಡಿ ಇರುವ ತೊಲೆಯ ಮೂಡಲ ತುದಿಯನ್ನು ತೋರಿಸಿದೆ. ಹೋದ ಯುಗಾದಿಗೇ ಅಲ್ಲಿ ಸದ್ದು ಬೇರೆಯಾಗಿತ್ತು. ಗಟ್ಟಿ ಮರ ಟಣ್ ಎನ್ನುತ್ತದೆ, ಇದು ಬೆಂದ ಕುಂಬಳಕಾಯಿಯ ಹಾಗೆ ಸುಮ್ಮನಿತ್ತು. ಮೊದಲು ಇದಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ, ಆಮೇಲೆ ಹಲಗೆ ಎಂದೆ. ಆಗಲಿ ಎಂದಿದ್ದಾರೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಮುಗಿಯುತ್ತದೆ. ನೀವು ಕೇಳಿದ ಹಾಗೆಯೇ ಆಗುತ್ತದೆ.

ಇಂತಿ,
ಶರಣವ್ವ

•

ರಾಣೆಬೆನ್ನೂರು
ತಾ. ೮-೧-೧೯೮೧

ಶರಣವ್ವನವರಿಗೆ ಶರಣಾರ್ಥಿ.

ನಾನು ಹಟಮಾರಿ ಎಂದು ನೀವು ಅಂದುಕೊಂಡಿರಬೇಕು. ಒಂದು ಮಾತು ಬರೆಯುತ್ತೇನೆ. ಲಗ್ನಕ್ಕೆ ಮೊದಲು ನೀವು ನನ್ನ ಮಗ ಶೇಖರನ ಎಡಗಣ್ಣನ್ನು ನೋಡಿದಿರಿ, ಯಾಕೆ ಹಾಗಿದೆ ಎಂದು ಕೇಳಲಿಲ್ಲ. ಆ ಉಪಕಾರ ನಾನು ಮರೆತಿಲ್ಲ. ಅವನು ತೊಟ್ಟಿಲಲ್ಲಿದ್ದಾಗ ನಮ್ಮ ಹಳೇ ಮಾಳಿಗೆಯಿಂದ ಸುಣ್ಣದ ಹೆಕ್ಕಳಿಕೆ ಬಿತ್ತು. ನಾನು ಒಲೆಯ ಮುಂದೆ ಇದ್ದೆ. ಕೂಸು ಅಳುತ್ತದೆ, ಹಸಿವು ಇರಬೇಕು ಎಂದುಕೊಂಡು ರೊಟ್ಟಿ ಬಡಿಯುವುದನ್ನು ಮುಗಿಸಿಯೇ ಎದ್ದೆ.

ಇದರ ಮೇಲೆ ನೀವು ಉತ್ತರ ಬರೆಯುವುದು ಬೇಡ.

ಹಲಗೆ ಆದ ಮೇಲೆ ತಿಳಿಸಿ. ಏಳನೇ ತಿಂಗಳ ಕುಬಸ ಮಾಡಿ ನೀಲಾಳನ್ನು ಕಳಿಸುತ್ತೇನೆ.

ಇಂತಿ,
ರತ್ನಕ್ಕ

•

ಯಲಹಂಕ
ತಾ. ೧೨-೨-೧೯೮೧

ರತ್ನಕ್ಕನವರಿಗೆ ಶರಣು.

ಬೇಡ ಎಂದದ್ದಕ್ಕೆ ಉತ್ತರ ಬರೆಯುವುದಿಲ್ಲ. ನಿಮ್ಮ ಕಾಗದವನ್ನು ಮಾತ್ರ ಲಿಂಗಪೂಜೆಯ ಗೂಡಿನಲ್ಲಿ ಇಟ್ಟಿದ್ದೇನೆ.

ಕೆಲಸ ಮುಗಿಯಿತು. ಕೋಣೆ ಹಾಲಿನ ಒಳಗೆ ಮುಳುಗಿ ಎದ್ದ ಹಾಗಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನೋಡಿ ಹೋದರು. ಪಕ್ಕದ ಮನೆಯ ಗಂಗರತ್ನಮ್ಮ ಚಾಪೆಯ ಮೇಲೆ ಅಂಗಾತ ಮಲಗಿ, ‘ಏನ್ ಶರಣಮ್ನೋರೆ, ಇಲ್ಲಿ ಮಲಗೋಕೆ ನಾನೂ ಇನ್ನೊಂದು ಹೆರಲಾ?’ ಎಂದು ಕೇಳಿದಳು. ಅವಳಿಗೆ ಮೊಮ್ಮಕ್ಕಳಿದ್ದಾರೆ.

ಒಂದು ಮಾತು ನಿಮ್ಮಿಂದ ಮುಚ್ಚಿಡಬಾರದು. ನಾನು ಸಂಕ್ರಾಂತಿಗೆ ಅಣ್ಣನ ಊರಿಗೆ ಹೋಗಿ ಬರುವಷ್ಟರಲ್ಲಿ ಹಲಗೆ ಹೊಡೆದುಬಿಟ್ಟಿದ್ದರು. ತೊಲೆಗೆ ಕಬ್ಬಿಣದ ಪಟ್ಟಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಪಿಳ್ಳಪ್ಪನವರನ್ನು ಕೇಳಿದೆ.

‘ಆಕ್ದೆ ಬುಡ್ತೀನಾ ಅಮ್ಮಾ?’

‘ತೋರಿಸ್ರಿ.’

‘ಈಗೆಂಗ್ ತೋರ್ಸೋದು? ಹಲಗೆ ಒಡೀಬೇಕಾಯ್ತದೆ. ಒಡುದ್ರೆ ಮತ್ತೆ ಪಟ್ಟು, ಮತ್ತೆ ಕೂಲಿ. ಒಡೀಲಾ?’

ನಮ್ಮ ಮನೆಯವರು ಬೇಡ ಎಂದರು. ರೊಕ್ಕ ಕೊಟ್ಟಾಗಿದೆ. ಕೊಂಡಿ ಮಾತ್ರ ಹಲಗೆಯ ತೂತಿನಿಂದ ಕೆಳಗೆ ಇಣುಕುತ್ತಿದೆ, ಅದಕ್ಕೂ ಬಿಳಿ ಬಣ್ಣ ಬಳಿದಿದ್ದಾರೆ.

ನೀಲಾಳನ್ನು ಕಳಿಸಿರಿ.

ಇಂತಿ,
ಶರಣವ್ವ

•

ರಾಣೆಬೆನ್ನೂರು
ತಾ. ೨೦-೩-೧೯೮೧

ಶರಣವ್ವನವರಿಗೆ ಶರಣಾರ್ಥಿ.

ನೀಲಾ ಮುಟ್ಟಿದ ಮೇಲೆ ಬರೆದ ಕಾಗದ ಬಂತು. ಕೋಣೆಯನ್ನು ಹೊಗಳಿ ಎರಡು ಪುಟ ಬರೆದಿದ್ದಾಳೆ. ಕೊನೆಯಲ್ಲಿ ಒಂದು ಸಾಲು: ‘ಅವ್ವನ ಕೈಯಲ್ಲಿ ಪಾಟಲಿ ಕಾಣಲಿಲ್ಲ.’

ಶರಣವ್ವ, ನಾನು ಕೇಳಿದ್ದು ಹಲಗೆ. ನಿಮ್ಮ ಕೈಯ ಬಂಗಾರ ಕೇಳಿರಲಿಲ್ಲ.

ಅವಳಿಗೆ ಪರಂಗಿಹಣ್ಣು ಕೊಡಬೇಡಿ. ಹುಳಿ ಕಡಿಮೆ ಇರಲಿ. ಕೊಬ್ಬರಿ, ಅಂಟು, ಉತ್ತತ್ತಿ ಕಳಿಸಿದ್ದೇನೆ, ಅಂಟಿನುಂಡೆ ಕಟ್ಟಿಡಿ.

ಇಂತಿ,
ರತ್ನಕ್ಕ

•

ಯಲಹಂಕ
ತಾ. ೨೪-೫-೧೯೮೧

ರತ್ನಕ್ಕನವರಿಗೆ ಶರಣು.

ತಾರಿನಿಂದ ನಿಮಗೆ ಸುದ್ದಿ ತಿಳಿದಿದೆ. ನೀಲಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಹೆಣ್ಣುಕೂಸು, ಗೋದಿಬಣ್ಣ, ಗಲ್ಲ ನಿಮ್ಮದೇ. ತಾಯಿಗೆ ಹಾಲು ಚೆನ್ನಾಗಿದೆ.

ಈ ವಾರವೆಲ್ಲಾ ಇಲ್ಲಿ ಗುಡುಗು, ಮಳೆ. ಮೊದಲಾದರೆ ಮಳೆ ಬಂದಾಗ ತಲೆ ಎತ್ತಿ ನೋಡುತ್ತಿದ್ದೆ. ಎಲ್ಲಿ ಒದ್ದೆ, ಎಲ್ಲಿ ಒಣ ಎಂದು ಕಾಣುತ್ತಿತ್ತು. ಒದ್ದೆಯ ಕೆಳಗೆ ಕೊಳಗ ಇಡುತ್ತಿದ್ದೆ, ಬೆಳಗ್ಗೆ ಮಾಳಿಗೆ ಹತ್ತಿ ಮಣ್ಣು ತುಳಿದು ಬರುತ್ತಿದ್ದೆ. ಈಗ ತಲೆ ಎತ್ತಿದರೆ ಬಿಳಿ. ಒಂದು ಹನಿಯೂ ಬೀಳುವುದಿಲ್ಲ. ಬಿದ್ದ ನೀರು ಎಲ್ಲಿ ಹೋಯಿತು?

ನಿನ್ನೆ ಹಲಗೆಯ ಮೇಲೆ ಮೂಡಲ ಗೋಡೆಯ ಹತ್ತಿರ ಕಂದು ಗೆರೆ ಕಂಡಿತು. ಕಿವಿಗೊಟ್ಟರೆ ಒಳಗೆ ಸಣ್ಣಗೆ ಸದ್ದು, ಒಣ ಎಲೆಯನ್ನು ಯಾರೋ ಬೆರಳಲ್ಲಿ ಹೊಸಕಿದ ಹಾಗೆ. ಒಂದು ಹಲಗೆ ಬಿಚ್ಚಿಸಿ ಎಂದು ನಮ್ಮ ಮನೆಯವರಿಗೆ ಹೇಳಿದೆ.

‘ಹುಳ ಮಾಳಿಗ್ಯಾಗ ಇಲ್ಲ, ನಿನ್ನ ಕಿವ್ಯಾಗ ಹೊಕ್ಕಾವ. ಸಾವಿರಾರು ರೂಪಾಯಿ ಹಾಕಿ ಮುಚ್ಚಿಸೀನಿ, ಮತ್ತ ಬಿಚ್ಚಸ್ಲಿ?’

‘ಕೂಸಿನ ಮ್ಯಾಲ ಬಿದ್ರ?’

‘ಬಾಣಂತಿ ಮುಂದ ಬಾಯಿ ಮುಚ್ಚು.’

ಬಾಯಿ ಮುಚ್ಚಿದೆ. ಬಾಣಂತಿಯ ಮಂಚವನ್ನು ಮಾತ್ರ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಗೆ ಎಳೆದುಕೊಂಡೆ. ಅಲ್ಲಿ ಮಣ್ಣು ಉದುರುತ್ತದೆ. ಕೂಸಿನ ಮೇಲೆ ನನ್ನ ಹಳೇ ಸೀರೆಯನ್ನು ಚಪ್ಪರದ ಹಾಗೆ ಕಟ್ಟಿದ್ದೇನೆ, ಕಣ್ಣಿಗೆ ಒಂದು ಕಣವೂ ಬೀಳದು. ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಬರೆದಿದ್ದೇನೆ.

ಇಂತಿ,
ಶರಣವ್ವ

•

ರಾಣೆಬೆನ್ನೂರು
ತಾ. ೨-೬-೧೯೮೧

ಶರಣವ್ವನವರಿಗೆ.

ಯಾವ ಮಣ್ಣಿಗೆ ಹೆದರಿ ನಾನು ಇಷ್ಟೆಲ್ಲ ಹೇಳಿದೆನೋ, ಅದೇ ಮಣ್ಣಿನ ಕೆಳಗೆ ನನ್ನ ಮೊಮ್ಮಗಳನ್ನು ಮಲಗಿಸಿದ್ದೀರಿ. ಸೀರೆ ಕಟ್ಟಿದ್ದೇನೆ ಎನ್ನುತ್ತೀರಿ. ಸೀರೆಯೇ ಸಾಕಾಗಿದ್ದರೆ ಹಲಗೆ ಯಾಕೆ ಬೇಕಿತ್ತು?

ಗೆರೆ ಕಂಡರೆ ಮೇಲೆ ಇನ್ನೊಂದು ಪಟ್ಟು ಸವರಿಸಿ. ಮಾಡಿಸಿದ ಕೋಣೆ ಖಾಲಿ ಬಿಟ್ಟು, ಬೀಗಿತಿಯ ಮಾತನ್ನು ಹೀಗೆ ತೀರಿಸಿದೆ ಎಂದು ಓಣಿಗೆ ತೋರಿಸಬೇಡಿ.

ನಮ್ಮ ಮನೆಯವರ ಕಾಲಿಗೆ ಹುಣ್ಣಾಗಿದೆ, ನಾನು ನಾಮಕರಣಕ್ಕೆ ಬರಲಾರೆ. ಶೇಖರ ಬರುತ್ತಾನೆ. ಅವನು ಮಲಗಿದ್ದ ಕಲಘಟಗಿಯ ತೊಟ್ಟಿಲನ್ನು ಲಾರಿಯಲ್ಲಿ ಹಾಕಿ ಕಳಿಸಿದ್ದೇನೆ. ಬಣ್ಣದ ತೊಟ್ಟಿಲು, ನನ್ನ ತವರಿನವರು ಕೊಟ್ಟದ್ದು. ಅದನ್ನು ಆ ಬಿಳಿ ಕೋಣೆಯ ಕೊಂಡಿಗೇ ಕಟ್ಟಬೇಕು. ಹೆಸರು ಅಲ್ಲಿಯೇ ಇಡಬೇಕು. ಆಗದಿದ್ದರೆ ಶೇಖರ ಅವತ್ತೇ ತಾಯಿ-ಮಗಳನ್ನು ಕರೆದುಕೊಂಡು ಬರುತ್ತಾನೆ. ಅವನಿಗೆ ಹೇಳಿದ್ದೇನೆ.

ರತ್ನಕ್ಕ

•

|| ಶ್ರೀ ಗುರುಬಸವ ||
ಯಲಹಂಕ
ತಾ. ೧೫-೬-೧೯೮೧

ರತ್ನಕ್ಕನವರಿಗೆ ಶರಣವ್ವನ ಶರಣು.

ಮೊದಲು ಇದನ್ನು ಓದಿರಿ: ಕೂಸು ಚೆನ್ನಾಗಿದೆ. ನೀಲಾ ಚೆನ್ನಾಗಿದ್ದಾಳೆ. ಅಳಿಯಂದಿರೂ ಚೆನ್ನಾಗಿದ್ದಾರೆ. ಅವರು ತಾರು ಕೊಡುತ್ತೇನೆಂದು ಹೊರಟಿದ್ದರು. ನಾನೇ ಬರೆಯುತ್ತೇನೆ ಎಂದು ತಡೆದೆ. ಈಗ ಉಳಿದದ್ದನ್ನು ಕೂತು ಓದಿರಿ.

ನೀವು ಹೇಳಿದ ಹಾಗೆ ತೊಟ್ಟಿಲನ್ನು ಬಿಳಿ ಕೋಣೆಯ ಕೊಂಡಿಗೆ ಸರಪಳಿ ಹಾಕಿ ತೂಗಿಬಿಟ್ಟೆವು. ಹೂವು, ಬಾಸಿಂಗ, ಎಲ್ಲಾ ಕಟ್ಟಿದೆವು. ಕಂದು ಗೆರೆಯ ಮೇಲೆ ಪಿಳ್ಳಪ್ಪನವರ ಆಳು ಬಂದು ಇನ್ನೊಂದು ಪಟ್ಟು ಸವರಿ ಹೋಗಿದ್ದ. ಗೆರೆ ಕಾಣುತ್ತಿರಲಿಲ್ಲ. ನನಗೆ ಮಾತ್ರ ಅಲ್ಲಿಯೇ ಇತ್ತು.

ಬೆಳಗ್ಗೆ ಪೂಜೆಗೆ ಕುಳಿತಾಗ ದೇವರಲ್ಲಿ ಕೇಳಿದೆ. ಬೀಗಿತಿಯ ಮಾತು ಮೀರಿದರೆ ಮಗಳ ಸಂಸಾರ ಕೆಡುತ್ತದೆ, ಮೀರದಿದ್ದರೆ ಕೂಸು ಆ ಹಲಗೆಯ ಕೆಳಗೆ ಮಲಗುತ್ತದೆ, ನಾನೇನು ಮಾಡಲಿ ಎಂದೆ. ವಿಭೂತಿ ಹಚ್ಚಿಕೊಂಡು ಎದ್ದಾಗ ಹಿತ್ತಲಲ್ಲಿ ಒರಳಿನ ಗುಂಡುಕಲ್ಲು ಕಾಣಿಸಿತು.

ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸುತ್ತೇವಲ್ಲ, ನಿಮ್ಮಲ್ಲೂ ಅದೇ ಪದ್ಧತಿ. ಎಲ್ಲರೂ ಖಾರ ಅರೆಯುವ ಸಣ್ಣ ಗುಂಡು ತೆಗೆದುಕೊಳ್ಳುತ್ತಾರೆ. ಗಂಗರತ್ನಮ್ಮ ಅದನ್ನೇ ತೊಳೆದು ತಂದಿದ್ದಳು. ನಾನು ಬೇಡ ಎಂದೆ. ಹಿತ್ತಲಿನ ದೊಡ್ಡ ಗುಂಡನ್ನು ಅಳಿಯಂದಿರ ಕೈಯಲ್ಲಿ ಹೊರಿಸಿ ತರಿಸಿದೆ. ವಿಭೂತಿ ಹಚ್ಚಿ, ಕುಂಚಿಗೆ ತೊಡಿಸಿದೆ. ಕುಂಚಿಗೆ ಸಾಲದೆ ಹರಿಯಿತು.

‘ಅಯ್ಯೋ ಶರಣಮ್ನೋರೆ, ಈ ಗುಂಡಪ್ಪ ಯಾರ್ ಮಗಾ ಕಣ್ರೀ? ನಮ್ ಪಿಳ್ಳಪ್ಪಣ್ಣನ್ಗಿಂತ ದಪ್ಪ ಅವ್ನೆ!’ ಎಂದಳು ಗಂಗರತ್ನಮ್ಮ.

‘ಅವರದೇ ಕೆಲಸ ನೋಡಾಕ ಬಂದಾನವ್ವ’ ಎಂದೆ. ಎಲ್ಲರೂ ನಕ್ಕರು. ನಮ್ಮ ಮನೆಯವರು ನಗಲಿಲ್ಲ. ನನ್ನನ್ನೇ ನೋಡಿದರು.

ನೀಲಾಳಿಗೆ, ‘ಕೂಸಿನ್ನ ಎತ್ತಿಕೊಂಡು ಬಾಗಿಲ ಹೊರಗ ನಿಂದ್ರು, ನಾ ಕರಿಯೂತನಕ ಹೊಸ್ತಿಲಾ ದಾಟಬ್ಯಾಡ’ ಎಂದೆ. ಹೆಂಗಸರನ್ನೆಲ್ಲ ಪಡುವಲ ಗೋಡೆಗೆ ಸರಿಸಿದೆ. ಗುಂಡಪ್ಪನನ್ನು ಮಲಗಿಸಿ, ತೊಟ್ಟಿಲಿನ ಹಗ್ಗ ಹಿಡಿದು, ಹೊಸ್ತಿಲ ಬಳಿಯೇ ನಿಂತು ತೂಗಿದೆ. ಜೋಗುಳ ಹಾಡಿದರು. ಹಾಡು ಮುಗಿಯಿತು. ನಾನು ತೂಗುತ್ತಲೇ ಇದ್ದೆ.

‘ಸಾಕು ಬಿಡ, ಕಲ್ಲಿಗೆ ನಿದ್ದಿ ಬಂತು’ ಎಂದರು ನಮ್ಮ ಮನೆಯವರು.

‘ಇನ್ನೊಂದು ಹಾಡು ಹಾಡ್ರಿ’ ಎಂದೆ.

ಎರಡನೇ ಹಾಡಿನ ನಡುವೆ ಮೇಲೆ ಸದ್ದಾಯಿತು. ದೊಡ್ಡ ಸದ್ದೇನಲ್ಲ. ರೊಟ್ಟಿ ಮುರಿದ ಹಾಗೆ. ಕೊಂಡಿಯ ಸುತ್ತ ಬಿಳಿ ಪಟ್ಟು ಬಿರುಕು ಬಿಟ್ಟಿತು, ಅದರ ಹಿಂದೆಯೇ ಕೊಂಡಿ ಬಂತು, ಕೊಂಡಿಯ ಜೊತೆ ತೊಲೆಯ ಒಂದು ಹಿಡಿ ಬಂತು. ತೊಟ್ಟಿಲು ನೆಲಕ್ಕೆ ಬಿತ್ತು. ಮೇಲಿನಿಂದ ಹಲಗೆ, ಚೌಕಟ್ಟು, ಅದರ ಮೇಲೆ ಎಷ್ಟು ತಿಂಗಳಿಂದ ಕೂಡಿಬಿದ್ದಿತ್ತೋ ಅಷ್ಟೂ ಒದ್ದೆ ಮಣ್ಣು ಒಂದೇ ಸಲಕ್ಕೆ ತೊಟ್ಟಿಲಿನ ಮೇಲೆ ಸುರಿಯಿತು. ಗುಂಡಪ್ಪ ಮಣ್ಣಿನಲ್ಲಿ ಹೂತುಹೋದ. ಕೂಸು ಒಂದೇ ಅತ್ತಿತು, ಬಾಗಿಲ ಹೊರಗೆ.

ಧೂಳು ಇಳಿದ ಮೇಲೆ ಅಳಿಯಂದಿರು ಏಣಿ ಹಾಕಿ ಹತ್ತಿ ನೋಡಿದರು. ಕಬ್ಬಿಣದ ಪಟ್ಟಿ ಇರಲಿಲ್ಲ. ಮೂಡಲ ತುದಿಯಿಂದ ಕೊಂಡಿಯವರೆಗೆ ಪೂರ್ತಿ ಗೆದ್ದಲಿನ ಹುತ್ತ. ಉಳಿದ ತೊಲೆಗೆ ಈಗ ಕಂಬದ ಆಸರೆ ಕೊಟ್ಟು ನಿಲ್ಲಿಸಿದ್ದೇವೆ. ಪಿಳ್ಳಪ್ಪನವರು ಬಂದು ಬಾಗಿಲಲ್ಲಿ ನಿಂತರು. ‘ಸೋರ್ತದೆ ಅಂತ ಯಾರೂ ಏಳ್ಲಿಲ್ವಲ್ಲಮ್ಮ’ ಎಂದರು. ನಮ್ಮ ಮನೆಯವರು ಮಣ್ಣಿನಲ್ಲಿ ಕೈ ಹಾಕಿ ಗುಂಡಪ್ಪನನ್ನು ಎತ್ತಿ, ತೊಳೆದು, ದೇವರ ಮುಂದೆ ಇಟ್ಟರು. ಅವತ್ತಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ನಿನ್ನೆ ಮಾತ್ರ ಯುಗಾದಿಯ ಏಣಿಯನ್ನು ತಾವೇ ತಂದು ಗೋಡೆಗೆ ಒರಗಿಸಿ, ‘ಉಳಿದ ಕೋಣಿ ತೊಲಿನೂ ಕುಟ್ಟಿ ನೋಡು’ ಎಂದರು.

ಹೆಸರನ್ನು ಸಣ್ಣ ಕೋಣೆಯಲ್ಲಿ, ನೀಲಾಳ ಮಡಿಲಲ್ಲಿಯೇ ಇಟ್ಟೆವು. ಅಕ್ಕಮಹಾದೇವಿ. ನೀವು ಹೇಳಿದ್ದ ಹೆಸರೇ.

ನಿಮ್ಮ ತವರಿನ ತೊಟ್ಟಿಲಿನ ಒಂದು ಬದಿ ಮುರಿದಿದೆ. ಅದನ್ನು ರಿಪೇರಿ ಮಾಡಿಸುತ್ತೇನೆ, ಬಣ್ಣ ಮೊದಲಿನ ಹಾಗೆ ಆಗದು. ನಿಮ್ಮ ಮಾತಿನ ವಿರುದ್ಧ ಕಲ್ಲು ತೂಗಿದೆ ಎಂದು ನೀವು ಅಂದರೆ ಹೌದು ಎನ್ನುತ್ತೇನೆ. ಕೂಸು-ಬಾಣಂತಿಯನ್ನು ಕರೆಸಿಕೊಳ್ಳುವುದಾದರೆ ನಾನು ಅಡ್ಡ ಬರುವುದಿಲ್ಲ. ಬಾಣಂತನ ಮುಗಿಯದೆ ಮಗಳು ಹೋದಳು ಎಂದು ಓಣಿ ಆಡಿಕೊಳ್ಳಲಿ.

ಒಂದೇ ಕೇಳುತ್ತೇನೆ. ಅವರು ಬರುವ ಮೊದಲು ನಿಮ್ಮ ನಡುಮನೆಯ ಒಂದು ಹಲಗೆ ಬಿಚ್ಚಿಸಿ, ಮೇಲೆ ನೋಡಿರಿ.

ಇಂತಿ ನಿಮ್ಮ,
ಶರಣವ್ವ

•

ರಾಣೆಬೆನ್ನೂರು
ತಾ. ೬-೭-೧೯೮೧

ಶರಣವ್ವಗೆ ರತ್ನಕ್ಕನ ಶರಣು.

ಉತ್ತರ ತಡವಾಯಿತು. ನಿಮ್ಮ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟಾದೆ. ಮೊಮ್ಮಗಳ ತೊಟ್ಟಿಲು ಬೀಳುತ್ತದೆಂದು ಗೊತ್ತಿದ್ದೂ ನನ್ನ ಒಂದು ಮಾತಿಗೆ ಅದನ್ನು ಅಲ್ಲಿ ಕಟ್ಟಿದಿರಲ್ಲ ಎಂದು. ಮರುದಿನವೇ ಜೀಪು ಕಳಿಸಿ ಕರೆಸುವುದೆಂದು ನಿಶ್ಚಯ ಮಾಡಿದ್ದೆ. ನಿಮ್ಮ ಕೊನೆಯ ಸಾಲು ಮಾತ್ರ ಊಟಕ್ಕೆ ಕೂತಾಗಲೂ ಬಿಡಲಿಲ್ಲ. ತಾಟಿನ ಮುಂದೆ ಕೂತು ಮೇಲೆ ನೋಡಿದೆ. ಎರಡು ವರ್ಷದಲ್ಲಿ ನಾನು ಮೇಲೆ ನೋಡಿದ್ದೇ ಇಲ್ಲ, ಬಂದವರಿಗೆ ತೋರಿಸುವಾಗ ಬಿಟ್ಟರೆ.

ಫಕೀರಪ್ಪ ಮೇಸ್ತ್ರಿಯನ್ನು ಕರೆಸಿ ಮೂಲೆಯ ಒಂದು ಹಲಗೆ ಬಿಚ್ಚಿಸಿದೆ. ನಮ್ಮ ಮನೆಯವರು, ‘ಹುಚ್ಚು ಹಿಡದೈತೇನ ನಿನಗ, ಅದರ ಖರ್ಚು ಗೊತ್ತೈತಿಲ್ಲೋ?’ ಎಂದು ಮಂಚದಿಂದಲೇ ಕೂಗಿದರು. ಫಕೀರಪ್ಪ ತೂತಿನಲ್ಲಿ ಕೈ ಹಾಕಿದ. ಹಿಡಿ ತುಂಬ ಜೋಳದ ಹಿಟ್ಟಿನ ಹಾಗೆ ತೊಲೆ ಬಂತು. ‘ಅಕ್ಕಾರ, ಈ ಕೋಣ್ಯಾಗ ಯಾರು ಮಲಗ್ತಾರ್ರೀ?’ ಎಂದು ಕೇಳಿದ. ನಾನು ನಮ್ಮ ಮನೆಯವರ ಮಂಚವನ್ನು ತೋರಿಸಿದೆ. ಅವರು ಕೂಗುವುದನ್ನು ನಿಲ್ಲಿಸಿದರು.

ಈಗ ನಾವು ಅಂಗಡಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ಮಲಗುತ್ತಿದ್ದೇವೆ. ಹಲಗೆ ಎಲ್ಲಾ ತೆಗೆಸುತ್ತಿದ್ದೇನೆ. ತೊಲೆ ಬದಲಾಗಬೇಕು.

ತಾಯಿ-ಮಗಳನ್ನು ಈಗ ಕಳಿಸಬೇಡಿ. ನಾನು ಹೇಳುವವರೆಗೆ ನಿಮ್ಮಲ್ಲಿಯೇ ಇರಲಿ, ಆ ಮಣ್ಣು ಉದುರುವ ಕೋಣೆಯಲ್ಲಿ, ನಿಮ್ಮ ಸೀರೆಯ ಕೆಳಗೆ.

ನಮ್ಮ ಮನೆಯವರ ಕಾಲು ವಾಸಿಯಾದ ಮೇಲೆ ನಾನೇ ಬರುತ್ತೇನೆ. ಕೂಸಿನ ಪಕ್ಕದಲ್ಲಿ ನನಗೂ ಒಂದು ಚಾಪೆ ಹಾಸಿರಿ. ಹೋಳಿಗೆ ಮಾಡಿರಿ. ತಾಟಿನಲ್ಲಿ ಏನು ಬಿದ್ದರೂ ಈ ಸಲ ಸರಿಸುವುದಿಲ್ಲ.

ನಿಮ್ಮ,
ರತ್ನಕ್ಕ